ಮೈನಸ್ ತೆಗೆಯುವ ಮುನ್ನ

ಕದರಯ್ಯನ ಎಡಗೈ ಮಣಿಕಟ್ಟಿನ ಮೇಲೆ ಗಡಿಯಾರದ ಚೈನಿನ ಗುರುತಿತ್ತು, ಗಡಿಯಾರ ಇರಲಿಲ್ಲ. ತೊಂಬತ್ತಮೂರನೇ ಇಸವಿಯಲ್ಲಿ ತುಮಕೂರಿನ ಅಂತರಸನಹಳ್ಳಿಯ ಲಾರಿ ಶೆಡ್ಡೊಂದರಲ್ಲಿ ವೈರಿಂಗ್ ಕೆಲಸಕ್ಕಿದ್ದಾಗ, ಬ್ಯಾಟರಿಯ ಪ್ಲಸ್ಸಿಗೆ ಹಾಕಿದ್ದ ಸ್ಪ್ಯಾನರು ಅವನ ಕೈಗಡಿಯಾರದ ಸ್ಟೀಲ್ ಚೈನಿಗೆ ತಗುಲಿತು. ಚೈನು ಲಾರಿಯ ಕಬ್ಬಿಣದ ಮೈಗೆ ತಗುಲಿತು. ಮದುವೆಯಲ್ಲಿ ಮಾವ ಕೊಟ್ಟಿದ್ದ ಗಡಿಯಾರ ಅದು. ಅಯ್ಯೋ ಅನ್ನುವಷ್ಟರಲ್ಲಿ ಚೈನು ಕಾದು ಕೆಂಪಗಾಗಿ ಚರ್ಮಕ್ಕೆ ಅಚ್ಚೊತ್ತಿತು. ಅಂದು ಅವನು ಬ್ಯಾಟರಿಯ ಮೈನಸ್ ತೆಗೆಯದೆ ಕೆಲಸ ಶುರುಮಾಡಿದ್ದ. ಹಾಗೆ ಮಾಡಿದ್ದು ಅದೇ ಕೊನೆ. ಹೋದ ಕಾರ್ತಿಕದಲ್ಲಿ ಹುಟ್ಟೂರು ಹಾಗಲವಾಡಿಯ ಹೊಲದ ಬದುವಿನಲ್ಲಿ ಅವನನ್ನು ಮಣ್ಣಿಗಿಡುವಾಗಲೂ ಆ ಗುರುತು ಕೈಮೇಲೆ ಹಾಗೇ ಇತ್ತು.

ಸುಟ್ಟ ಕೈ ವಾಸಿಯಾದ ಮೇಲೆ ಕದರಯ್ಯ ಅಂತರಸನಹಳ್ಳಿಯಲ್ಲೇ ಒಂದು ಸ್ವಂತ ಶೆಡ್ಡು ಮಾಡಿಕೊಂಡ. ಶೆಟ್ಟಿಹಳ್ಳಿಯ ಮನೆಯಿಂದ ಬೆಳಿಗ್ಗೆ ಎಂಟಕ್ಕೆ ಟಿವಿಎಸ್ ಹತ್ತಿ ಬಂದು ಬಾಗಿಲು ತೆಗೆಯುತ್ತಿದ್ದ. ಮೊದಮೊದಲು ಲಾರಿ, ಟೆಂಪೋ. ಆಮೇಲೆ ಕಾರುಗಳು, ಕಾರಿನ ಟೇಪ್‌ರೆಕಾರ್ಡರುಗಳು, ಸಿ.ಡಿ. ಹಾಕುವ ಪೆಟ್ಟಿಗೆಗಳು. ಗಾಡಿ ಯಾವುದೇ ಇರಲಿ, ಅವನ ಪದ್ಧತಿ ಒಂದೇ. ಮೊದಲು ಬ್ಯಾಟರಿಯ ಮೈನಸ್ ವೈರು ಬಿಚ್ಚುವುದು. ಅದು ತಾನಾಗಿ ಹೋಗಿ ಮತ್ತೆ ತಗುಲದ ಹಾಗೆ ಅದರ ತಲೆಗೆ ಹೆಂಡತಿ ಗಂಗಾಂಬಿಕೆಯ ಹಳೆಯ ಕೆಂಪು ಸೀರೆಯ ಒಂದು ಪಟ್ಟಿ ಸುತ್ತುವುದು. ಕಾರಿನ ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಳ್ಳುವುದು. ಆಮೇಲೆ ಕೈ ತೊಳೆದು, ರಸ್ತೆ ದಾಟಿ, ಬೀರಯ್ಯನ ಅಂಗಡಿಯ ಬೆಂಚಿನ ಮೇಲೆ ಕುಳಿತು ಒಂದು ಟೀ ಕುಡಿಯುವುದು. ಎಷ್ಟೇ ಅವಸರದ ಗಿರಾಕಿಯಾಗಲಿ, ಆ ಟೀ ಮುಗಿಯುವ ತನಕ ಕದರಯ್ಯ ಗಾಡಿಯ ಮೈ ಮುಟ್ಟುತ್ತಿರಲಿಲ್ಲ.

"ಏನ್ಲಾ ಕದರ, ಮೈನಸ್ ತೆಗ್ದಾ?" ಎಂದು ಬೀರಯ್ಯ ಲೋಟ ತೊಳೆಯುತ್ತಲೇ ಕೇಳುವನು.

"ತೆಗ್ದೆ. ಇನ್ನೂ ಆಕಳಿಸ್ತಾ ಐತೆ. ಪೂರ್ತಿ ನಿದ್ದೆ ಹೋಗ್ಲಿ ತಡಿ."

"ಸ್ವಾಮಿ, ಬೆಂಗ್ಳೂರಲ್ಲಿ ಇದನ್ನ ಹತ್ತು ನಿಮಿಷಕ್ಕೆ ಮಾಡ್ಕೊಡ್ತಾರೆ," ಎಂದು ಗಿರಾಕಿ ಗೊಣಗಿದರೆ, ಕದರಯ್ಯನಿಗೆ ಸಿಟ್ಟೇ ಬರುತ್ತಿರಲಿಲ್ಲ.

"ಹಂಗಾದ್ರೆ ಅಲ್ಲಿಗೇ ಹೋಗಿ ಸ್ವಾಮಿ. ದೂರದ ದಾರಿ, ಒಂದು ಟೀ ಕುಡ್ಕಂಡು ಹೋಗಿ."

ಗಿರಾಕಿಗಳು ಅವನಿಗೆ ಮೈನಸ್ ಕದರಯ್ಯ ಎಂದೇ ಹೆಸರಿಟ್ಟರು. ಅವನು ಅದನ್ನು ಬೋರ್ಡಿನ ಮೇಲೂ ಬರೆಸಬೇಕೆಂದಿದ್ದ, ಗಂಗಾಂಬಿಕೆ ಬೇಡವೆಂದಳು.

ಟೀ ಸುಮ್ಮನೆ ಕುಡಿಯುತ್ತಿದ್ದುದಲ್ಲ. ಹೊಸ ಕಾರುಗಳಲ್ಲಿ ಗುದ್ದಿದ ಕೂಡಲೇ ಉಬ್ಬುವ ಗಾಳಿಚೀಲಗಳಿರುತ್ತವೆ. ಅವುಗಳ ಹಳದಿ ವೈರು ಸ್ಟಿಯರಿಂಗಿನ ಪಕ್ಕದಲ್ಲೇ ಹಾದುಹೋಗುತ್ತದೆ. ಮೈನಸ್ ಬಿಚ್ಚಿದ ಮೇಲೂ ಆ ವೈರಿನಲ್ಲಿ ಸ್ವಲ್ಪ ಹೊತ್ತು ಜೀವ ಇರುತ್ತದೆ. ಕದರಯ್ಯ ಇದನ್ನು ಯಾವ ಶಾಲೆಯಲ್ಲೂ ಓದಿರಲಿಲ್ಲ. ಎಲ್ಲಿಯೋ ಕೇಳಿ, ತನ್ನ ಸುಟ್ಟ ಮಣಿಕಟ್ಟಿನ ಲೆಕ್ಕಕ್ಕೆ ಹೊಂದಿಸಿ, ನಿಯಮ ಮಾಡಿಕೊಂಡಿದ್ದ.

ಬಿಚ್ಚಿದ ಸ್ಕ್ರೂಗಳನ್ನು ಇಡಲು ಅವನ ಹತ್ತಿರ ಒಂದು ಇಡ್ಲಿ ತಟ್ಟೆ ಇತ್ತು. ಅದೂ ಗಂಗಾಂಬಿಕೆಯದೇ. ಮೊದಲ ಗುಳಿಗೆ ಮೊದಲು ಬಿಚ್ಚಿದ್ದು, ಎರಡನೆಯದಕ್ಕೆ ಆಮೇಲಿನದು. ತಿರುಗಿ ಕೂಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬರುವುದು. ಹದಿನೈದು ವರ್ಷದಲ್ಲಿ ಒಂದು ಸ್ಕ್ರೂ ಹೆಚ್ಚಾಗಿ ಉಳಿದದ್ದಿಲ್ಲ.

ಎರಡು ಸಾವಿರದ ಏಳರ ಡಿಸೆಂಬರಿನಲ್ಲಿ ಕುಣಿಗಲ್‌ನಿಂದ ಮಂಜುಳಮ್ಮನವರ ಕಾರು ಅವನ ಶೆಡ್ಡಿಗೆ ಬಂತು.

ಮಂಜುಳಮ್ಮನವರ ಯಜಮಾನರು ಶಿವರಾಮಯ್ಯನವರು ಕುಣಿಗಲ್‌ನಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದವರು. ಹಿಂದಿನ ವರ್ಷ ಶ್ರಾವಣದಲ್ಲಿ ತೀರಿಕೊಂಡಿದ್ದರು. ಆ ಕಾರು ಅವರ ಕೊನೆಯ ಶೋಕಿ. ಯಾರೋ ಹೊರದೇಶದಿಂದ ತರಿಸಿ ಬೆಂಗಳೂರಿನಲ್ಲಿ ಎರಡು ವರ್ಷ ಓಡಿಸಿ ಮಾರಿದ್ದು. ಅದರ ಮುಂಭಾಗದಲ್ಲಿ, ಕಂಪನಿಯಿಂದಲೇ ಕೂರಿಸಿದ, ದಾರಿ ತೋರಿಸುವ ಒಂದು ಪರದೆ ಇತ್ತು. ಪರದೆಯ ಕೆಳಗೆ ನಕ್ಷೆಯ ಡಿಸ್ಕು ಹಾಕುವ ಸಣ್ಣ ಬಾಯಿ. ಆದರೆ ಆ ಡಿಸ್ಕಿನಲ್ಲಿದ್ದವು ಬೇರೆ ದೇಶದ ರಸ್ತೆಗಳು. ನಮ್ಮ ಸೀಮೆಗೆ ಬಂದ ಮೇಲೆ ಅದು ತೋರಿಸುತ್ತಿದ್ದುದು ಬರೀ ಬೂದು ಬಣ್ಣದ ಬಯಲು, ಬಯಲಿನ ನಡುವೆ ಕಾರಿನ ಗುರುತಾಗಿ ಒಂದು ಬಾಣ.

ಶಿವರಾಮಯ್ಯನವರು ಆ ಬಯಲನ್ನು ತಮ್ಮ ರೀತಿಯಲ್ಲಿ ತುಂಬಿಸಿದ್ದರು. ಅವರಿಗೆ ಹಲಸಿನ ಹಣ್ಣೆಂದರೆ ಪ್ರಾಣ. ಬೇಸಿಗೆಯಲ್ಲಿ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿ ದಾರಿಗಳಲ್ಲಿ ಒಬ್ಬರೇ ಸುತ್ತುವರು. ರುಚಿಯಾದ ಹಣ್ಣು ಸಿಕ್ಕಿದರೆ ಆ ಮರದ ಬುಡದಲ್ಲೇ ಕಾರು ನಿಲ್ಲಿಸಿ, ಪರದೆಯಲ್ಲಿ ಒಂದು ಬಾವುಟ ನೆಡುವರು. ಮುಂದೆ ಯಾವಾಗಲಾದರೂ ಆ ಕಡೆ ಹೋದರೆ ಬಾವುಟ ಕಾಣಿಸಿಕೊಂಡು, ಮರ ಹತ್ತಿರವಾದಾಗ ಟಿಂಗ್ ಎಂದು ಸದ್ದಾಗುವುದು. ಮನೆಗೆ ತಂದ ಹಣ್ಣು ಯಾವ ಮರದ್ದು ಎಂದು ಹೆಂಡತಿ ಕೇಳಿದರೆ, "ಕಾರಿಗೆ ಗೊತ್ತು" ಎನ್ನುವರು. ಹಾಗೆ ಇಪ್ಪತ್ತಮೂರು ಬಾವುಟಗಳಾಗಿದ್ದವು. ಪರದೆಯ ಮೂಲೆಯಲ್ಲಿ ಆ ಅಂಕಿ ಕಾಣುತ್ತಿತ್ತು. ಮರಗಳು ಎಲ್ಲಿವೆಯೆಂದು ಬರೆದಿಟ್ಟಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ನಿಜವಾಗಿಯೂ ಕಾರಿಗೆ ಮಾತ್ರ ಗೊತ್ತಿತ್ತು.

"ಬೊಟ್ಟಿಟ್ಟಿದ್ದು ನಾನೇ ಕಣಯ್ಯ, ಯಾರನ್ನೂ ಬೈಯೋ ಹಂಗಿಲ್ಲ," ಎಂದರು ಮಂಜುಳಮ್ಮ, ಶೆಡ್ಡಿನ ಸ್ಟೂಲಿನ ಮೇಲೆ ಕುಳಿತು.

ಯಜಮಾನರು ಹೋದ ವರ್ಷ ಮನೆಯಲ್ಲಿ ಹಬ್ಬ ಇರಲಿಲ್ಲ. ಮರುವರ್ಷದ ಆಯುಧಪೂಜೆಯಲ್ಲಿ ಮಂಜುಳಮ್ಮ ಎರಡೂ ವರ್ಷದ ಪೂಜೆಯನ್ನು ಒಟ್ಟಿಗೆ ಮಾಡಿದ್ದರು. ಬಾನೆಟ್ಟಿಗೆ, ಚಕ್ರಕ್ಕೆ, ಸ್ಟಿಯರಿಂಗಿಗೆ ಆದ ಮೇಲೆ, ಯಜಮಾನರು ಸದಾ ನೋಡುತ್ತಿದ್ದ ಪರದೆಯಲ್ಲವೇ ಎಂದು ಅದಕ್ಕೂ ಒದ್ದೆ ಅರಿಶಿನ, ಕುಂಕುಮ, ಗಂಧ. ಮೇಲೆ ಒಂದು ಹಿಡಿ ಅಕ್ಷತೆ. ಡಿಸ್ಕಿನ ಬಾಯಿ ತೆರೆದೇ ಇತ್ತು. ಅಂದಿನಿಂದ ಪರದೆಯ ಬಲಗಡೆ ಬೆರಳಿನ ಮಾತು ಕೇಳುತ್ತಿಲ್ಲ, ಒಳಗೆ ಕರಕರ ಸದ್ದು, ಹತ್ತು ನಿಮಿಷ ಬೆಳಗಿದರೆ ಐದು ನಿಮಿಷ ಕಪ್ಪು. ಬೆಂಗಳೂರಿಗೆ ಒಯ್ದಾಗ, ಇಡೀ ಪೆಟ್ಟಿಗೆ ಬದಲಾಯಿಸಬೇಕು, ಹಳೆಯದರಲ್ಲಿರುವುದು ಉಳಿಯುವುದಿಲ್ಲ ಎಂದಿದ್ದರು.

"ನಂಗೆ ದಾರಿ ತೋರ್ಸೋದು ಬೇಡ. ಆ ಮರಗಳು ಬೇಕು."

ಕದರಯ್ಯ ಮೈನಸ್ ಬಿಚ್ಚಲು ಸ್ಪ್ಯಾನರು ಹಿಡಿದು ಬಾನೆಟ್ಟಿನ ತನಕ ಹೋದವನು ನಿಂತ. ಸ್ಪ್ಯಾನರನ್ನು ಹೆಗಲ ಟವೆಲ್ಲಿನಲ್ಲಿ ಒರೆಸಿದ. ಹಿಂದೆ ಎಷ್ಟೋ ಕಾರುಗಳಲ್ಲಿ, ಬ್ಯಾಟರಿ ತೆಗೆದು ಹಾಕಿದ ಮೇಲೆ ರೇಡಿಯೋದಲ್ಲಿ ಹಿಡಿದಿಟ್ಟ ಸ್ಟೇಷನ್ನುಗಳು ಅಳಿಸಿಹೋಗಿದ್ದುದನ್ನು ಅವನು ನೋಡಿದ್ದ. ಒಂದು ಟೇಪಂತೂ ನಾಲ್ಕಂಕಿಯ ಕೋಡು ಕೇಳಿ, ಅದು ಯಾರಿಗೂ ಗೊತ್ತಿಲ್ಲದೆ, ಮತ್ತೆ ಹಾಡಲೇ ಇಲ್ಲ.

"ಅಮ್ಮ, ನಾನು ಮೈನಸ್ ತೆಗುದ್ರೆ ಈ ಬಾವುಟ ಎಲ್ಲಾ ಹೋದ್ರೂ ಹೋಗಬೌದು."

"ಹಂಗಾದ್ರೆ ತೆಗೀಬೇಡ. ಹಂಗೇ ರಿಪೇರಿ ಮಾಡು."

"ಅದಾಗಲ್ಲಮ್ಮ."

ಎದುರಿನಿಂದ ಬೀರಯ್ಯ ಬಾಯಿ ಹಾಕಿದ. "ಲೋ, ಪಕ್ಕದಾಗೆ ಇನ್ನೊಂದು ಬ್ಯಾಟ್ರಿ ಕೊಟ್ಟು ಮಾಡ್ಲಾ!"

"ಆವಾಗ ಮೈನಸ್ ತೆಗುದಂಗೆ ಎಲ್ಲಾಯ್ತು? ಕರೆಂಟು ಅಲ್ಲೇ ಇರ್ತದಲ್ಲ. ಹಳದಿ ವೈರು ಪಕ್ಕದಾಗೇ ಐತೆ. ಚೀಲ ಒಡುದ್ರೆ ನನ್ನ ಮೂತಿ ನಿನ್ನ ಬೋಂಡಾ ಆಗ್ತದೆ." ಆಮೇಲೆ ಮಂಜುಳಮ್ಮನ ಕಡೆ ತಿರುಗಿದ. "ಮೊದ್ಲು ಮರಗಳನ್ನ ಬರ್ಕೊಳಣ ಅಮ್ಮ. ಒಂದೊಂದೂ. ಆಮೇಲೆ ಬಿಚ್ತೀನಿ. ಹಾಕಿದ್ಮೇಲೆ ಇದೂ ಕೋಡು ಕೇಳ್ತದೆ, ಆ ಕೋಡಿನ ಚೀಟಿ ಎಲ್ಲೈತೆ ಅಂತಾನೂ ಹುಡುಕ್ಸಿ. ಅದು ಸಿಗೋ ತನ್ಕ ಸ್ಪ್ಯಾನರ್ ಮುಟ್ಟಲ್ಲ."

ಕೆಟ್ಟ ಪರದೆಯಲ್ಲಿ ಬಾವುಟಗಳ ಪಟ್ಟಿ ತೆರೆಯುತ್ತಿರಲಿಲ್ಲ. ಉಳಿದದ್ದು ಒಂದೇ ಉಪಾಯ: ಕಾರಿನಲ್ಲಿ ಊರೂರು ಸುತ್ತುವುದು, ಟಿಂಗ್ ಎಂದಲ್ಲಿ ಇಳಿಯುವುದು. ಕಾರು ಶೆಡ್ಡಿನಲ್ಲೇ ಉಳಿಯಿತು. ಭಾನುವಾರ ಬೆಳಿಗ್ಗೆ ಮಂಜುಳಮ್ಮ ಬಸ್ಸಿನಲ್ಲಿ ತುಮಕೂರಿಗೆ ಬರುವರು. ಕದರಯ್ಯ ಓಡಿಸುವನು. ಎಸ್ಸೆಸ್ಸೆಲ್ಸಿ ತನಕ ಓದಿದ್ದ ಗಂಗಾಂಬಿಕೆ ಹಿಂದಿನ ಸೀಟಿನಲ್ಲಿ ನೋಟ್‌ಬುಕ್ಕು ಹಿಡಿದು ಕೂರುವಳು. ಬುತ್ತಿಗೆ ಚಿತ್ರಾನ್ನವೋ ರಾಗಿ ರೊಟ್ಟಿಯೋ ಇರುತ್ತಿತ್ತು.

ಗುಬ್ಬಿ ದಾಟಿ ನಾಲ್ಕು ಮೈಲಿ ಹೋದ ಮೇಲೆ ಮೊದಲ ಸದ್ದು ಬಂದಾಗ ಮೂವರೂ ಬೆಚ್ಚಿಬಿದ್ದರು. ಮಂಜುಳಮ್ಮ ಇಳಿದು ಹೋಗಿ ಮರಕ್ಕೆ ಕೈ ಇಟ್ಟು ನಿಂತರು. ಗಂಗಾಂಬಿಕೆ ಬರೆದಳು: ಒಂದು. ರಸ್ತೆ ಬಲಕ್ಕೆ, ಮುರಿದ ಮೈಲಿಗಲ್ಲಿನ ಎದುರು, ಎರಡು ಕವಲಿನ ಮರ.

ಹಾಗಲವಾಡಿಯ ದಾರಿಯಲ್ಲಿ ಬಾವಿಯ ಪಕ್ಕದ ಮರವೊಂದರ ಬಳಿ ಕಾರು ಕೂಗಿದಾಗ ಕದರಯ್ಯ ಗಟ್ಟಿಯಾಗಿ ನಕ್ಕುಬಿಟ್ಟ. ಅವನು ಚಿಕ್ಕಂದಿನಲ್ಲಿ ಕಲ್ಲು ಹೊಡೆದ ಮರ. ಮರದಾಚೆಯ ಮನೆಯೊಳಗಿನಿಂದ ಪುಟ್ಟಗಂಗಮ್ಮ ಎಂಬ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಂದಳು.

"ಯಾರ್ಲಾ ಅದು? ಕದ್ರನಾ? ಇನ್ನೂ ನನ್ನ ಮರದ ಮೇಲೇ ಕಣ್ಣೇನ್ಲಾ?"

"ನಂದಲ್ಲ ಕಣಜ್ಜಿ, ಈ ಕಾರಿಂದು."

ಮುದುಕಿ ಕಾರನ್ನು ಗುರುತು ಹಿಡಿದಳು. "ಇದ್ರಾಗೆ ಬರೋ ಯಜಮಾನ್ರು ಎಲ್ಲಿ? ಎರಡು ವರ್ಷಾಯ್ತು ಬಂದು. ಎರಡು ಹಣ್ಣು ತಗಂಡ್ರೆ ಒಂದು ಇಲ್ಲೇ ಕುಯ್ದು ಹಟ್ಟಿ ಮಕ್ಳಿಗೆಲ್ಲ ಹಂಚೋರು."

ಮಂಜುಳಮ್ಮ ಹೇಳಿದರು. ಪುಟ್ಟಗಂಗಮ್ಮ ಸ್ವಲ್ಪ ಹೊತ್ತು ಸೆರಗಿನಿಂದ ಮೂಗು ಒರೆಸಿಕೊಂಡು, ಆಮೇಲೆ, "ಕೆಂಪು ತೊಳೆ ಅಂದ್ರೆ ಇಷ್ಟ ಅವ್ರಿಗೆ. ನೀವು ಆಸಾಡದೊಳಗೆ ಬನ್ರವ್ವ," ಎಂದಳು. ಗಂಗಾಂಬಿಕೆ ಬರೆದಳು: ಎಂಟು. ಪುಟ್ಟಗಂಗಮ್ಮನ ಮರ, ಬಾವಿ ಪಕ್ಕ, ಕೆಂಪು ತೊಳೆ.

ನಾಲ್ಕು ಭಾನುವಾರ ಗುಬ್ಬಿಯ ಕಡೆ ಕಳೆಯಿತು. ಐದನೆಯದು ಕುಣಿಗಲ್ ಕಡೆ. ಅಂದು ಮಧ್ಯಾಹ್ನದ ಹೊತ್ತಿಗೆ ಪುಸ್ತಕದಲ್ಲಿ ಇಪ್ಪತ್ತೆರಡು ಮರಗಳಾದವು. ಉಳಿದ ಒಂದು ಸಿಗಲಿಲ್ಲ. ಬಂದ ದಾರಿಯಲ್ಲೇ ಮತ್ತೆ ಬಂದರು, ಕೆರೆ ಏರಿಯ ಮೇಲೆ ಹೋದರು. ಕಾರು ಕೂಗಲಿಲ್ಲ.

"ಬುಡು ಕದರಯ್ಯ. ಒಂದು ತಾನೇ. ಹೋದ್ರೆ ಹೋಗ್ಲಿ. ನಾಳೆ ಬಿಚ್ಚು."

"ತಾನಾಗೇ ಹೋದ್ರೆ ಹೋಗ್ಲಿ ಅಮ್ಮ. ನನ್ನ ಕೈಯಿಂದ ಹೋಗಬಾರ್ದು."

"ರೀ, ಅಮ್ಮಾವ್ರೇ ಹೇಳ್ತಾವ್ರೆ..." ಎಂದಳು ಗಂಗಾಂಬಿಕೆ.

"ಅಮ್ಮಾವ್ರು ಹೇಳ್ತಾರೆ. ಮೈನಸ್ ತೆಗಿಯೋನು ನಾನು."

ಸಂಜೆ ಮಂಜುಳಮ್ಮನವರನ್ನು ಮನೆಗೆ ಬಿಡಲು ಹೊರಟರು. ಆ ಐದು ವಾರದಲ್ಲಿ ಕಾರು ಅವರ ಮನೆಯ ಬೀದಿಗೆ ಬಂದದ್ದು ಅದೇ ಮೊದಲು. ಗೇಟಿನ ಹತ್ತಿರ ಪರದೆ ಕಪ್ಪಾಗಿತ್ತು. ಕದರಯ್ಯ ಕಾರನ್ನು ಒಳಗೆ ತಿರುಗಿಸಿದಾಗ ಟಿಂಗ್ ಎಂದಿತು.

ಕದರಯ್ಯ ಬ್ರೇಕು ಒತ್ತಿದ.

"ಅದು ಮನೆ ಬಂತು ಅಂತ ಕೂಗೋದು," ಎಂದರು ಮಂಜುಳಮ್ಮ. "ಇವ್ರು ಇದ್ದಾಗ್ಲೂ ಇಲ್ಲಿ ಹಂಗೇ ಕೂಗ್ತಿತ್ತು. ನಾನು ಹಿಂದೆ ಕೂತಿರ್ತಿದ್ದೆ, ಯಾಕೆ ಅಂತ ಕೇಳಿರ್ಲಿಲ್ಲ."

"ಅಮ್ಮ, ಇದು ಮನೆಗೆ ಕೂಗಲ್ಲ. ಹಲಸಿಗೆ ಕೂಗ್ತದೆ."

ಪರದೆ ಬೆಳಗಿತು. ಬೂದು ಬಯಲಿನ ಮೇಲೆ ಬಾಣ ಮಾತ್ರ ಇತ್ತು. ಕದರಯ್ಯ ಕಾರನ್ನು ರಿವರ್ಸ್ ತೆಗೆದು ಬೀದಿಯ ತುದಿಯ ತನಕ ಹಿಂದಕ್ಕೆ ಹೋದ. ಬಾಣ ಸರಿಯಿತು. ಅದರ ಅಡಿಯಲ್ಲಿ ಮುಚ್ಚಿಕೊಂಡಿದ್ದ ಬಾವುಟ ಹೊರಗೆ ಬಂತು.

ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಎದೆಮಟ್ಟದ ಒಂದು ಹಲಸಿನ ಗಿಡ ಇತ್ತು. ಸುತ್ತ ಯಾರೋ ಕಲ್ಲು ಜೋಡಿಸಿದ್ದರು. ಎಸೆದ ಬೀಜ ತಾನಾಗಿ ಹುಟ್ಟಿದೆಯೆಂದುಕೊಂಡು ಮಂಜುಳಮ್ಮ ಅದರ ಮೇಲೆ ಒದ್ದೆ ಟವೆಲ್ಲು ಹರವುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಹಿತ್ತಿಲು ಸವರಿಸುವಾಗ ಕಡಿಸಬೇಕೆಂದು ಆಳಿಗೂ ಹೇಳಿಯಾಗಿತ್ತು. ಈಗ ಟವೆಲ್ಲನ್ನು ತೆಗೆದು ಹೆಗಲಿಗೆ ಹಾಕಿಕೊಂಡರು.

"ನೋಡಯ್ಯ ಇವ್ರ ಬುದ್ಧೀನ," ಎಂದರು. "ಒಂದು ಮಾತು ಹೇಳಿದ್ರೆ ನೀರು ಹಾಕ್ತಿರ್ಲಿಲ್ವಾ?" ಬೈಯುತ್ತಿದ್ದರೂ ಮುಖದ ತುಂಬ ನಗು ಇತ್ತು. ಗಂಗಾಂಬಿಕೆ ಕತ್ತಲಾಗುವುದರೊಳಗೆ ಒಂದು ಕೊಡ ನೀರು ಸೇದಿ ಬುಡಕ್ಕೆ ಹಾಕಿದಳು. ಆಮೇಲೆ ಬರೆದಳು: ಇಪ್ಪತ್ತಮೂರು. ಮನೆ.

ಕೋಡಿನ ಚೀಟಿ ಅದೇ ಸಂಜೆ ಹಳೆಯ ಪಂಚಾಂಗದೊಳಗೆ ಸಿಕ್ಕಿತು.

ಬುಧವಾರ ಕದರಯ್ಯ ಮೈನಸ್ ಬಿಚ್ಚಿ, ಕೆಂಪು ಪಟ್ಟಿ ಸುತ್ತಿ, ಟೀಗೆ ಹೋದ. ಅಂದು ಎರಡು ಟೀ ಕುಡಿದನೆಂದು ಬೀರಯ್ಯ ಹೇಳುತ್ತಾನೆ. ಬಂದವನು ಮೊದಲು ಕಾರಿನ ಬರಿ ಕಬ್ಬಿಣ ಮುಟ್ಟಿದ. ಮೈಯಲ್ಲಿರುವ ಚಿಟಪಟ ಕರೆಂಟು ಒಳಗಿನ ಸಣ್ಣ ಬೋರ್ಡುಗಳಿಗೆ ಹೋಗಬಾರದು, ಅದಕ್ಕೇ ನೈಲಾನ್ ಶರಟು ಹಾಕುತ್ತಿರಲಿಲ್ಲ. ಸೀಟು, ಗೇರಿನ ಮೇಲೆಲ್ಲ ಹಳೆಯ ಪಂಚೆ ಹಾಸಿದ. ಸ್ಕ್ರೂಡ್ರೈವರಿನಿಂದ ಮೀಟಿದರೆ ಪ್ಲಾಸ್ಟಿಕ್ ಗೀರುತ್ತದೆಂದು ಬಿದಿರಿನ ಸೀಳಿನಿಂದ ಅಂಚು ಎಬ್ಬಿಸಿದ. ಪೆಟ್ಟಿಗೆಯನ್ನು ಎಳೆಯದೆ, ಮಗುವನ್ನು ತೊಟ್ಟಿಲಿನಿಂದ ಎತ್ತಿದ ಹಾಗೆ ಎತ್ತಿ, ಹಿಂದಿನ ವೈರುಗಳನ್ನು ವೈರು ಹಿಡಿದು ಜಗ್ಗದೆ ಅವುಗಳ ತಲೆ ಹಿಡಿದು ಒಂದೊಂದಾಗಿ ಬಿಡಿಸಿ, ಒಂದೊಂದಕ್ಕೂ ದಾರ ಕಟ್ಟಿ ಗಂಟಿನ ಲೆಕ್ಕದಲ್ಲಿ ಗುರುತು ಮಾಡಿದ. ಹಳದಿ ವೈರಿನ ತಂಟೆಗೆ ಹೋಗಲಿಲ್ಲ. ಒದ್ದೆ ಬಟ್ಟೆ ಪರದೆಗೆ ತಾಗಿಸಲಿಲ್ಲ. ಸ್ಪಿರಿಟ್ಟು ಸವರಿದ ಮೆತ್ತನೆಯ ಬಟ್ಟೆಯಿಂದ ಅಂಚಿನ ಕುಂಕುಮವನ್ನು ಅರ್ಧ ದಿನ ಒರೆಸಿದ.

ಡಿಸ್ಕಿನ ಬಾಯಿಂದ ಒಂಬತ್ತು ಅಕ್ಷತೆ ಕಾಳು ಬಂದವು. ಪೂಜೆಯ ಅಕ್ಷತೆಯನ್ನು ಕಸಕ್ಕೆ ಹಾಕುವುದು ಹೇಗೆ? ಇಡ್ಲಿ ತಟ್ಟೆಯ ಕೊನೆಯ ಗುಳಿಯನ್ನು ಅವುಗಳಿಗೆ ಬಿಟ್ಟು, ಆಮೇಲೆ ವೀಳ್ಯದೆಲೆಯಲ್ಲಿ ಕಟ್ಟಿಟ್ಟ.

ಭಾನುವಾರ ಮಂಜುಳಮ್ಮ ಬಂದಾಗ ಮೈನಸ್ ಹಾಕಿದ. ಪರದೆ ಕೋಡು ಕೇಳಿತು. ಗಂಗಾಂಬಿಕೆ ಒತ್ತಿದಳು. ಬಲಗಡೆಯೂ ಬೆರಳಿನ ಮಾತು ಕೇಳಿತು. ಕರಕರ ಸದ್ದಿರಲಿಲ್ಲ. ಬೂದು ಬಯಲು ತಿಳಿಯಾಗಿ ಮೂಡಿತು. ಮೂಲೆಯಲ್ಲಿ ಸೊನ್ನೆ ಇತ್ತು. ಅವನು ಹೆದರಿದ್ದಂತೆಯೇ ಒಂದು ಬಾವುಟವೂ ಉಳಿದಿರಲಿಲ್ಲ.

ಮಂಜುಳಮ್ಮ ಆ ಸೊನ್ನೆಯನ್ನು ನೋಡುತ್ತ ಕುಳಿತರು. ಕದರಯ್ಯ ಮಣಿಕಟ್ಟು ಉಜ್ಜಿಕೊಂಡ. ಗಂಗಾಂಬಿಕೆಯೇ ಪುಸ್ತಕ ಬಿಡಿಸಿ ಕೇಳಿದಳು.

"ಮೊದ್ಲು ಯಾವ್ದು ಹಾಕಣ ಅಮ್ಮ?"

"ಮನೇದು," ಎಂದರು ಮಂಜುಳಮ್ಮ. "ನಡೀರಿ."

ಎಲೆಯ ಪೊಟ್ಟಣ ಕೊಡುವಾಗ ಕದರಯ್ಯ ಹೇಳಿದ: "ಇನ್ಮೇಲೆ ಬೊಟ್ಟು ಬಾನೆಟ್ಟಿಗೆ ಸಾಕಮ್ಮ. ಪರದೆಗೆ ದೂರದಿಂದ ಕೈ ಮುಗೀರಿ, ಅದು ಬೇಜಾರ್ ಮಾಡ್ಕಳಲ್ಲ."

ಬಾವುಟಗಳನ್ನೆಲ್ಲ ತಿರುಗಿ ನೆಡಲು ಮತ್ತೆ ಐದು ಭಾನುವಾರ ಹಿಡಿಯಿತು. ಹತ್ತೂರು ಸುತ್ತುವುದು ಅವನಿಗೆ ಇಷ್ಟೊಂದು ಹಿಡಿಸುತ್ತದೆಂದು ಗಂಗಾಂಬಿಕೆಗೆ ಗೊತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಹಣ್ಣುಗಳು ಬಂದವು. ಶೆಡ್ಡಿನ ಮುಂದೆ ಗೋಣಿ ಹಾಸಿ, ಕೈಗೆ ಎಣ್ಣೆ ಸವರಿಕೊಂಡು ಕದರಯ್ಯ ಹಣ್ಣು ಬಿಡಿಸುವನು, ಬೀರಯ್ಯ ತಿನ್ನುವನು, ಅವಸರದ ಗಿರಾಕಿಗಳೂ ಕುಳಿತು ತಿನ್ನುವರು. "ಇದು ಹದ್ನಾಲ್ಕನೇದು, ಇದಕ್ಕಿಂತ ಎಂಟನೇದು ಒಂದು ಕೈ ಮೇಲು," ಎಂದು ಕದರಯ್ಯ ತೀರ್ಪು ಕೊಡುವನು. ಅವನು ಅಷ್ಟು ಸುಖವಾಗಿ ಕುಳಿತಿದ್ದುದನ್ನು ಅವನನ್ನು ಬಲ್ಲವರು ಮರೆಯುವುದು ಕಷ್ಟ.

ಕಾರ್ತಿಕದ ಒಂದು ಬೆಳಿಗ್ಗೆ, ಯಾರದೋ ಕಾರಿನ ಮೈನಸ್ ಬಿಚ್ಚಿ ಟೀಗೆ ಹೋದವನು ಬೆಂಚಿನ ಮೇಲೇ ಒರಗಿದ. ಐವತ್ತೂ ಆಗಿರಲಿಲ್ಲ. ಲೋಟದಲ್ಲಿ ಅರ್ಧ ಟೀ ಇತ್ತು. ಆ ಕಾರಿಗೆ ಮೈನಸ್ ಹಾಕಿದ್ದು ಗಂಗಾಂಬಿಕೆ, ಹದಿಮೂರು ದಿನ ಕಳೆದ ಮೇಲೆ. ಯಾರಿಗೂ ಕೈ ಹಾಕಲು ಬಿಡಲಿಲ್ಲ. ಕೆಂಪು ಪಟ್ಟಿ ಬಿಚ್ಚಿ, ಬಳೆಗಳನ್ನು ಮೊಣಕೈಗೆ ಏರಿಸಿ, ನಟ್ಟು ಬಿಗಿ ಮಾಡಿ, ಕೀಲಿಯನ್ನು ಗಿರಾಕಿಗೆ ಕೊಟ್ಟಳು.

ಮೊನ್ನೆ ಆಷಾಢದಲ್ಲಿ ಶೆಟ್ಟಿಹಳ್ಳಿಯ ಮನೆಯ ಮುಂದೆ ಮಂಜುಳಮ್ಮನವರ ಕಾರು ನಿಂತಿತು. ಎಂಟನೇ ನಂಬರಿನ ಹಣ್ಣು, ಪುಟ್ಟಗಂಗಮ್ಮ ಕೊಟ್ಟು ಕಳಿಸಿದ್ದು. ಹಿತ್ತಿಲಿನ ಗಿಡ ತಲೆ ಮೀರಿ ಬೆಳೆದಿದೆ ಎಂದು ಮಂಜುಳಮ್ಮ ಹೇಳಿದರು. ಇಬ್ಬರೂ ಹೆಂಗಸರು ಕೈಗೆ ಎಣ್ಣೆ ಸವರಿಕೊಂಡು, ಸಾಕೆನ್ನುವ ತನಕ ತಿಂದರು. ಬೀಜಗಳನ್ನು ಗಂಗಾಂಬಿಕೆ ತೊಳೆದು, ಶೆಡ್ಡಿನಿಂದ ಮನೆಗೆ ಬಂದಿದ್ದ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹರಡಿ, ಬಿಸಿಲಿಗೆ ಇಟ್ಟಳು. ಮೊದಲ ಗುಳಿಯಿಂದ ಶುರು ಮಾಡಿ ವರಸೆಯಾಗಿ.